ಪಾರದರ್ಶಕ ಅಕ್ರಿಲಿಕ್‌ನಲ್ಲಿ ಕೆತ್ತಿ ಬಣ್ಣ ತುಂಬುವಾಗ ಕೆಲಸ ಕೆಡುವುದೆಲ್ಲಿ?

ಅಕ್ರಿಲಿಕ್ ನಾಮಫಲಕದಲ್ಲಿ ಬಣ್ಣ ಕೆಟ್ಟರೆ ಎಲ್ಲರೂ ಮೊದಲು ಬೈಯುವುದು ಬಣ್ಣದ ಡಬ್ಬಿಯನ್ನು. ಡಬ್ಬಿ ಬದಲಾಯಿಸುತ್ತಾರೆ, ಬ್ರಷ್ ಬಿಟ್ಟು ಸ್ಪ್ರೇಗೆ ಹೋಗುತ್ತಾರೆ, ಆದರೂ ಅದೇ ದೋಷ ಮತ್ತೆ ಬರುತ್ತದೆ. ಬಣ್ಣ ತಾಗುವ ಮೊದಲೇ ಶೀಟ್‌ನಲ್ಲೋ ಫೈಲ್‌ನಲ್ಲೋ ಮಾಸ್ಕ್‌ನಲ್ಲೋ ಲೆನ್ಸ್‌ನಲ್ಲೋ ಕೆಲಸ ಕೆಟ್ಟಿರುವುದೇ ಹೆಚ್ಚು. (ಮಾಸ್ಕ್ ಎಂದರೆ ಬಣ್ಣ ಅಕ್ಷರದಾಚೆ ಹತ್ತದಂತೆ ಶೀಟ್ ಮೇಲೆ ಅಂಟಿಸಿ, ಅದರ ಮೇಲೇ ಕೆತ್ತಿ, ಬಣ್ಣ ಹಾಕಿದ ಮೇಲೆ ಕೀಳುವ ಹಾಳೆ.) ಹಾಗಾಗಿ ಹುಡುಕಾಟ ಶುರುಮಾಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ದೋಷ ಮೊದಲು ಕಂಡದ್ದು ಯಾವಾಗ? ಕೆತ್ತನೆ ಮುಗಿದ ಕೂಡಲೇ ಕಂಡಿತೇ, ಬಣ್ಣ ಹಾಕಿದಾಗಲೇ, ಮಾಸ್ಕ್ ಕಿತ್ತಾಗಲೇ, ಇಲ್ಲ ಫಲಕ ಗಿರಾಕಿಯ ಗೋಡೆಗೆ ಏರಿದ ಮೇಲೆಯೇ? ಈ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಹೇಳುವುದೆಲ್ಲ ಸಿಒ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್ ಯಂತ್ರಕ್ಕೆ ಸಂಬಂಧಿಸಿದ್ದು. ಅದರ ಕಿರಣದ ತರಂಗಾಂತರ 10.6 ಮೈಕ್ರಾನ್; ಪಾರದರ್ಶಕ ಅಕ್ರಿಲಿಕ್ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಮೇಜಿನ ಮೇಲಿಡುವ ನೀಲಿ ಡಯೋಡ್ ಲೇಸರ್ ಆಗಲಿ, ಲೋಹ ಕೆತ್ತುವ ಫೈಬರ್ ಲೇಸರ್ ಆಗಲಿ ನಿಮ್ಮಲ್ಲಿದ್ದರೆ ಅದರ ಬೆಳಕು ಈ ಶೀಟನ್ನು ತೂರಿ ಆಚೆ ಹೋಗುತ್ತದೆ. "ಪವರ್ ನೂರಕ್ಕೆ ಇಟ್ಟರೂ ಒಂದು ಗೆರೆಯೂ ಬೀಳುತ್ತಿಲ್ಲ" ಎನ್ನುವವರು ಸೆಟ್ಟಿಂಗ್ ತಿದ್ದುವ ಮೊದಲು ಯಂತ್ರ ಯಾವುದೆಂದು ನೋಡಿಕೊಳ್ಳಲಿ.

ಕೆತ್ತಿದ ಜಾಗ ಬೆಳ್ಳಗಾಗಿಲ್ಲ

ಒಳ್ಳೆಯ ಕೆತ್ತನೆ ಹಾಲುಬಿಳುಪಿನ ಮಂಜಿನಂತೆ ಕಾಣಬೇಕು, ಬೆರಳಾಡಿಸಿದರೆ ಒಣಗಿದಂತಿರಬೇಕು. ಅದರ ಬದಲು ಗಾಜಿನಂತೆ ಹೊಳೆಯುತ್ತಾ ಅಂಟಂಟಾಗಿ, ಅಂಚಿನಲ್ಲಿ ಕೂದಲಿನಂಥ ಎಳೆಗಳು ಮೇಲೆದ್ದಿದ್ದರೆ ನಿಮ್ಮ ಕೈಯಲ್ಲಿರುವುದು ಎಕ್ಸ್‌ಟ್ರೂಡೆಡ್ ಶೀಟ್. ಗಾಜಿನ ಹಲಗೆಗಳ ನಡುವೆ ದ್ರವ ಸುರಿದು ಗಟ್ಟಿಯಾಗಿಸಿದ್ದು ಕಾಸ್ಟ್ ಶೀಟ್. ಕರಗಿಸಿ ಅಚ್ಚಿನ ಬಾಯಿಯಿಂದ ತಳ್ಳಿ ರೋಲರ್‌ನಲ್ಲಿ ಎಳೆದದ್ದು ಎಕ್ಸ್‌ಟ್ರೂಡೆಡ್. ಕಾಸ್ಟ್‌ನಲ್ಲಿ ಅಣುಸರಪಳಿಗಳು ಬಹಳ ಉದ್ದ. ಲೇಸರ್ ತಾಗಿದಲ್ಲಿ ಅದು ಸಣ್ಣ ಸಣ್ಣ ಗುಳಿಗಳಾಗಿ ಆವಿಯಾಗುತ್ತದೆ, ಆ ಗುಳಿಗಳು ಬೆಳಕನ್ನು ಚದುರಿಸಿ ಬಿಳುಪು ಕೊಡುತ್ತವೆ. ಎಕ್ಸ್‌ಟ್ರೂಡೆಡ್ ಕರಗಿ, ಹರಿದು, ಮತ್ತೆ ನುಣುಪಾಗಿ ಕೂರುತ್ತದೆ. ಪವರ್ ಇಳಿಸಿದರೂ ವೇಗ ಏರಿಸಿದರೂ ಅದು ಕಾಸ್ಟ್ ಆಗುವುದಿಲ್ಲ. ಕತ್ತರಿಸುವ ಕೆಲಸಕ್ಕೆ ಅದನ್ನು ಎತ್ತಿಟ್ಟುಕೊಳ್ಳಿ.

ಅಂಗಡಿಯವರು "ಕಾಸ್ಟೇ ಸಾರ್" ಎಂದರೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮೇಲಿನ ಹಾಳೆ ಕಾಗದದ್ದೋ ಪ್ಲಾಸ್ಟಿಕ್‌ನದ್ದೋ ಎಂದು ನೋಡಿ ತೀರ್ಮಾನಿಸಲು ಬರುವುದಿಲ್ಲ, ನಮ್ಮ ಮಾರುಕಟ್ಟೆಯಲ್ಲಿ ಎರಡೂ ಎರಡರ ಮೇಲೂ ಬರುತ್ತವೆ. ವರ್ನಿಯರ್ ಹಿಡಿದು ಶೀಟ್‌ನ ನಾಲ್ಕು ಮೂಲೆಯ ದಪ್ಪ ಅಳೆಯಿರಿ. ಎಲ್ಲ ಕಡೆ ಒಂದೇ ಸಮ ಬಂದರೆ ಎಕ್ಸ್‌ಟ್ರೂಡೆಡ್ ಇರಬಹುದೆಂಬ ಗುಮಾನಿ ಇರಲಿ. ಕಾಸ್ಟ್‌ನಲ್ಲಿ ಮೂಲೆಯಿಂದ ಮೂಲೆಗೆ ದಪ್ಪ ವ್ಯತ್ಯಾಸವಾಗುವುದು ಸಹಜ. ಅನುಮಾನ ತೀರಬೇಕಾದರೆ ಒಂದು ಚೂರಿನಲ್ಲಿ ಬೆರಳಗಲದ ಚೌಕ ಕೆತ್ತಿ ನೋಡಿ.

ಚೂರಿನ ಗುಡ್ಡೆಯಿಂದ ಯಾವುದೋ ಪಾರದರ್ಶಕ ತುಂಡು ಎತ್ತಿಕೊಳ್ಳುವ ಅಭ್ಯಾಸವಿದ್ದರೆ ಇನ್ನೊಂದು ಎಚ್ಚರ ಬೇಕು. ಪಾಲಿಕಾರ್ಬೊನೇಟ್ ಕೂಡ ಹೀಗೆಯೇ ಕಾಣುತ್ತದೆ, ಲೇಸರ್‌ಗೆ ಒಡ್ಡಿದರೆ ಹಳದಿ, ಕಂದು ಬಣ್ಣಕ್ಕೆ ತಿರುಗಿ ಮಸಿ ಕಾರುತ್ತದೆ. ಬಿಳಿ ಪರದೆ ತೆರೆದ ಲ್ಯಾಪ್‌ಟಾಪ್ ಮುಂದೆ ತುಂಡನ್ನು ಹಿಡಿದು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡಿ. ಕಾಮನಬಿಲ್ಲಿನ ಬಣ್ಣಗಳು ಢಾಳಾಗಿ ಕಂಡರೆ ಪಾಲಿಕಾರ್ಬೊನೇಟ್ ಆಗಿರುವ ಸಾಧ್ಯತೆ ಹೆಚ್ಚು. ಕಾಸ್ಟ್ ಅಕ್ರಿಲಿಕ್‌ನಲ್ಲಿ ಬಣ್ಣ ಕಾಣುವುದೇ ಅಪರೂಪ. ಪಿವಿಸಿ ತುಂಡಾದರೆ ಲೇಸರ್ ಹತ್ತಿರಕ್ಕೂ ಒಯ್ಯಬೇಡಿ. ಅದರಿಂದ ಹೊರಡುವ ಹೈಡ್ರೋಜನ್ ಕ್ಲೋರೈಡ್ ನಿಮ್ಮ ಶ್ವಾಸಕೋಶವನ್ನೂ ಯಂತ್ರದ ತಲೆ ಓಡುವ ರೈಲನ್ನೂ ಒಟ್ಟಿಗೆ ತಿನ್ನುತ್ತದೆ.

ಪಟ್ಟೆ, ಮಚ್ಚೆ, ಜೋಡಿ ಅಂಚು

ಕಾಸ್ಟ್ ಶೀಟೇ ಆಗಿದ್ದೂ ಬಿಳುಪು ಒಂದೇ ಸಮ ಇಲ್ಲವೆಂದರೆ ಈಗ ಯಂತ್ರದ ಸರದಿ. ಆಳ ಒಂದೇ ಸಮ ಇಲ್ಲದ ಕಡೆ ಬಣ್ಣವೂ ಒಂದೇ ಸಮ ನಿಲ್ಲುವುದಿಲ್ಲ.

ಫಲಕದ ಒಂದು ಬದಿ ಚೆನ್ನಾಗಿದ್ದು ಇನ್ನೊಂದು ಬದಿ ತೆಳುವಾಗಿದ್ದರೆ ಶೀಟ್ ಇಡುವ ಬೆಡ್ ವಾಲಿದೆ ಅಥವಾ ಕನ್ನಡಿಗಳ ಅಲೈನ್‌ಮೆಂಟ್ ತಪ್ಪಿದೆ. ಫೋಕಸ್ ಗೇಜನ್ನು (ಲೆನ್ಸ್‌ಗೂ ಶೀಟ್‌ಗೂ ಇರುವ ಅಂತರ ನೋಡುವ ಅಳತೆ ತುಂಡು) ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿ. ಅದು ಸರಿಯಿದ್ದರೆ ಟೇಪ್ ಅಂಟಿಸಿ ನಾಲ್ಕು ಮೂಲೆಯಲ್ಲೂ ಪಲ್ಸ್ ಹೊಡೆದು, ಸುಟ್ಟ ಚುಕ್ಕೆ ಒಂದೇ ಜಾಗದಲ್ಲಿ ಬೀಳುತ್ತದೆಯೇ ಪರೀಕ್ಷಿಸಿ. ಎಲ್ಲ ಕಡೆಯೂ ಕಿರಣ ಮಂಕಾಗಿದ್ದರೆ ಲೆನ್ಸ್ ಬಿಚ್ಚಿ ಒರೆಸಿ. ಅಕ್ರಿಲಿಕ್ ಹೊಗೆ ಲೆನ್ಸ್‌ನ ಕೆಳಮುಖಕ್ಕೆ ಪದರವಾಗಿ ಕೂರುತ್ತದೆ, ಮೇಲಿನಿಂದ ಇಣುಕಿದರೆ ಕಾಣುವುದಿಲ್ಲ.

ಮಚ್ಚೆ ಮಚ್ಚೆಯಾಗಿ, ಕೆಲವು ಕಡೆ ಕೆತ್ತಿಯೇ ಇಲ್ಲದಂತೆ ಬಂದರೆ ಪವರ್ ಅಂಕಿ ನೋಡಿ. ಕಿರಣ ಹುಟ್ಟಿಸುವ ಗಾಜಿನ ಟ್ಯೂಬ್‌ಗಳು ಶೇ. 10ರ ಆಸುಪಾಸಿಗೆ ಬಂದರೆ ಸ್ಥಿರವಾಗಿ ಉರಿಯುವುದಿಲ್ಲ. 130 ವ್ಯಾಟ್ ಟ್ಯೂಬ್ ಇಟ್ಟುಕೊಂಡು 3 ಮಿ.ಮೀ. ಶೀಟ್‌ನಲ್ಲಿ ನವಿರಾಗಿ ಕೆತ್ತಲು ಹೊರಟರೆ ಈ ತೊಂದರೆ ಬಂದೇ ಬರುತ್ತದೆ. ಪವರ್ ಇಳಿಸುವ ಬದಲು ವೇಗ ಏರಿಸಿ. 80 ವ್ಯಾಟ್ ಯಂತ್ರದಲ್ಲಿ ಸೆಕೆಂಡಿಗೆ 300 ಮಿ.ಮೀ. ವೇಗ, ಶೇ. 20ರ ಸುತ್ತಮುತ್ತ ಪವರ್, 0.1 ಮಿ.ಮೀ. ಸ್ಕ್ಯಾನ್ ಗ್ಯಾಪ್ (ಗೆರೆಗೂ ಗೆರೆಗೂ ನಡುವಿನ ಅಂತರ) ಎಂದು ಶುರುಮಾಡಿ, ಚೂರಿನಲ್ಲಿ ಆಳ ಅಳೆದು ತಿದ್ದುತ್ತಾ ಹೋಗಿ. ಬಣ್ಣ ತುಂಬಲು 0.2ರಿಂದ 0.4 ಮಿ.ಮೀ. ಆಳ ಸಾಕು. ಅದಕ್ಕಿಂತ ಆಳವಾದರೆ ತಳ ಒರಟಾಗುತ್ತದೆ, ಬಣ್ಣ ಒಣಗುವುದೂ ತಡ.

ಬೆಳಿಗ್ಗೆ ಚೆನ್ನಾಗಿ ಬಂದದ್ದು ಮಧ್ಯಾಹ್ನ ತೆಳುವಾಗುತ್ತಿದ್ದರೆ ಟ್ಯೂಬ್ ತಣಿಸುವ ನೀರಿನ ಯಂತ್ರವಾದ ಚಿಲ್ಲರ್ ನೋಡಿ. ಸಿಡಬ್ಲ್ಯೂ-3000 ಎಂದು ಕರೆಯುವ ಚಿಕ್ಕ ಚಿಲ್ಲರ್‌ನಲ್ಲಿ ಕಂಪ್ರೆಸರ್ ಇಲ್ಲ. ಅದು ಫ್ಯಾನ್ ಹಾಕಿ ನೀರನ್ನು ಕೋಣೆಯ ಉಷ್ಣಾಂಶದ ಹತ್ತಿರಕ್ಕೆ ತರುತ್ತದೆ, ಅಷ್ಟೇ. ಬೆಂಗಳೂರಿನ ಡಿಸೆಂಬರ್‌ಗೆ ಅದು ನಡೆದೀತು. ರಾಯಚೂರು, ಕಲಬುರಗಿಯ ಏಪ್ರಿಲ್‌ಗೆ ಕಂಪ್ರೆಸರ್ ಇರುವ ಸಿಡಬ್ಲ್ಯೂ-5200 ಥರದ್ದೇ ಬೇಕು. ಮಂಗಳೂರು, ಉಡುಪಿಯವರಿಗೆ ತಲೆನೋವು ಬೇರೆ: ನೀರನ್ನು ಬಹಳ ತಣ್ಣಗಿಟ್ಟರೆ ಸೆಖೆಯ ಗಾಳಿಯ ತೇವ ಟ್ಯೂಬ್ ಮೇಲೆ ಹನಿಗಟ್ಟುತ್ತದೆ. ಅಲ್ಲಿ ಒಂದೆರಡು ಡಿಗ್ರಿ ಜಾಸ್ತಿಯೇ ಇರಲಿ.

ಅಕ್ಷರದ ಎಡಬಲ ಅಂಚು ಗರಗಸದ ಹಲ್ಲಿನಂತೆ ಬಂದರೆ ಒಮ್ಮೆ ಒಂದೇ ದಿಕ್ಕಿನಲ್ಲಿ ಸ್ಕ್ಯಾನ್ ಮಾಡಿಸಿ. ದೋಷ ಮಾಯವಾದರೆ ಹೋಗಿಬರುವ ಗೆರೆಗಳು ಹೊಂದುತ್ತಿಲ್ಲವೆಂದು ಅರ್ಥ. ಆ ವೇಗಕ್ಕೆ ತಕ್ಕ ಸ್ಕ್ಯಾನಿಂಗ್ ಆಫ್‌ಸೆಟ್ (ಆ ಗೆರೆಗಳನ್ನು ಹೊಂದಿಸುವ ಅಂಕಿ) ಸಾಫ್ಟ್‌ವೇರ್‌ನಲ್ಲಿ ಕೊಡಿ. ಮಾಯವಾಗದಿದ್ದರೆ ಬೆಲ್ಟ್ ಬಿಗಿ ಮಾಡಿ.

ಇಂಗ್ಲಿಷ್ ಅಕ್ಷರ ಸರಿ, ಕನ್ನಡ ಅಕ್ಷರ ಮಾತ್ರ ಕೆಟ್ಟಿದೆ

ಇದರ ಬಗ್ಗೆ ಯಂತ್ರ ಮಾರುವವರು ಹೇಳಿಕೊಡುವುದಿಲ್ಲ, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಕಾಯ್ದೆ ಬಂದ ಮೇಲಂತೂ ಕನ್ನಡ ಅಕ್ಷರ ಕೆತ್ತುವುದು ತಪ್ಪುವುದಿಲ್ಲ.

ಲಕ್ಷಣ ಹೀಗಿರುತ್ತದೆ: ತಲೆಕಟ್ಟು ಅಕ್ಷರಕ್ಕೆ ಸೇರುವಲ್ಲಿ, ಕೊಂಬು ಕೂಡುವಲ್ಲಿ, ದೀರ್ಘದ ಬಾಲ ಅಂಟುವಲ್ಲಿ ಒಂದು ಸಣ್ಣ ಚೂರು ಕೆತ್ತದೆ ಉಳಿದಿರುತ್ತದೆ. ಬಣ್ಣ ತುಂಬಿದರೆ ಅಲ್ಲಿ ಹಲ್ಲು ಮುರಿದಂತೆ ಕಾಣುತ್ತದೆ. ಬಣ್ಣ ಅಲ್ಲಿ ಹಿಡಿಯಲಿಲ್ಲವೆಂದು ಸೂಜಿಯಲ್ಲಿ ಬಣ್ಣ ತುರುಕುವವರಿದ್ದಾರೆ. ಆದರೆ ಅಲ್ಲಿ ಗುಂಡಿಯೇ ಇಲ್ಲ.

ಕಾರಣ ಫಾಂಟ್‌ನಲ್ಲಿದೆ. ನುಡಿ, ಬರಹದಂಥ ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಒಂದು ಕನ್ನಡ ಅಕ್ಷರ ಒಂದೇ ಆಕಾರವಾಗಿರುವುದಿಲ್ಲ. "ಪ" ಎಂದರೆ ಕೆಳಗಿನ ಭಾಗ ಒಂದು ತುಂಡು, ತಲೆಕಟ್ಟು ಇನ್ನೊಂದು. "ಮ", "ಯ" ಮುಂತಾದವು ಇನ್ನೂ ಹೆಚ್ಚು ತುಂಡುಗಳ ಜೋಡಣೆ. ಕಾಗದದ ಮೇಲೆ ಮುದ್ರಿಸುವಾಗ ತುಂಡುಗಳು ಒಂದರ ಮೇಲೊಂದು ಬಿದ್ದರೂ ಕಪ್ಪಿನ ಮೇಲೆ ಕಪ್ಪು, ಯಾರಿಗೂ ಗೊತ್ತಾಗುವುದಿಲ್ಲ. ಲೇಸರ್ ಸಾಫ್ಟ್‌ವೇರ್ ಮಾತ್ರ ಎರಡು ಮುಚ್ಚಿದ ಆಕಾರಗಳು ಒಂದರೊಳಗೊಂದು ಹೊಕ್ಕ ಜಾಗವನ್ನು ತೂತು ಎಂದು ಲೆಕ್ಕ ಹಾಕಿ ಬಿಟ್ಟುಬಿಡುತ್ತದೆ. ಇಂಗ್ಲಿಷ್‌ನಲ್ಲಿ ಅಕ್ಷರಗಳು ಬಿಡಿಬಿಡಿ ಇರುವುದರಿಂದ ಈ ದೋಷ ಅಲ್ಲಿ ತಲೆಯೆತ್ತುವುದಿಲ್ಲ. ಯೂನಿಕೋಡ್ ಫಾಂಟ್ ಹಾಕಿದರೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುತ್ತದೆಂದು ಹೇಳಲಾರೆ, ಸ್ವರಚಿಹ್ನೆಗಳು ಅಲ್ಲೂ ಮೈಮೇಲೆ ಬೀಳುತ್ತವೆ.

ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ಅಕ್ಷರವನ್ನು ಕರ್ವ್‌ಗೆ (ಬರೀ ಗೆರೆಯ ಆಕಾರಕ್ಕೆ) ಪರಿವರ್ತಿಸಿ, ಬಿಡಿ ತುಂಡುಗಳಾಗಿ ಬೇರ್ಪಡಿಸಿ, ಒಂದೊಂದು ಅಕ್ಷರದ ತುಂಡುಗಳನ್ನು ವೆಲ್ಡ್ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಲೇಸರ್ ನಡೆಸುವ ಸಾಫ್ಟ್‌ವೇರ್ ಲೈಟ್‌ಬರ್ನ್‌ನಲ್ಲೂ ವೆಲ್ಡ್ ಇದೆ. ವೆಲ್ಡ್ ಆಗಿದೆಯೇ ಎಂದು ತಿಳಿಯಲು ಬಣ್ಣ ತುಂಬಿದ ನೋಟ ಬಿಟ್ಟು ಬರೀ ಗೆರೆಯ ನೋಟದಲ್ಲಿ ನೋಡಿ. ಅಕ್ಷರದ ಒಳಗೆ ಅಡ್ಡಗೆರೆ ಹಾದಿದ್ದರೆ ಕೆಲಸ ಬಾಕಿ ಇದೆ.

ಇನ್ನೊಂದು ದೋಷ ಮಾಸ್ಕ್‌ಗೆ ಸಂಬಂಧಿಸಿದ್ದು. ರ, ದ, ಧ, ಥ, ಠ, ಅನುಸ್ವಾರದ ಸೊನ್ನೆ ಇವುಗಳಿಗೆಲ್ಲ ಮುಚ್ಚಿದ ಹೊಟ್ಟೆಯಿದೆ. ಕೆತ್ತಿದ ಮೇಲೆ ಹೊಟ್ಟೆಯೊಳಗೆ ಮಾಸ್ಕ್‌ನ ಪುಟ್ಟ ದ್ವೀಪವೊಂದು ಉಳಿಯಬೇಕು. ಏರ್ ಅಸಿಸ್ಟ್ (ಕೆತ್ತುವ ಜಾಗಕ್ಕೆ ಊದುವ ಗಾಳಿ) ಜೋರಾಗಿದ್ದರೆ ಆ ದ್ವೀಪ ಹಾರಿಹೋಗುತ್ತದೆ, ಆಮೇಲೆ ಹೊಟ್ಟೆಯ ತುಂಬ ಬಣ್ಣ. ಒತ್ತಕ್ಷರಕ್ಕೂ ಮೇಲಿನ ಅಕ್ಷರಕ್ಕೂ ನಡುವೆ ಉಳಿಯುವ ಮಾಸ್ಕ್‌ನ ಎಳೆಯದೂ ಇದೇ ಪಾಡು. "ಲಕ್ಷ್ಮಿ" ಕೆತ್ತಿದವರಿಗೆ ಗೊತ್ತಿರುತ್ತದೆ. ಆ ಎಳೆ ಅರ್ಧ ಮಿಲಿಮೀಟರ್‌ಗಿಂತ ತೆಳುವಾಗದಂತೆ ಒತ್ತನ್ನು ತುಸು ಕೆಳಕ್ಕೆ ಸರಿಸಿ. ಮೂಲಾಕ್ಷರದ ಎತ್ತರ 6 ಮಿ.ಮೀ.ಗಿಂತ ಕಡಿಮೆಯಿದ್ದರೆ ನಾನು ಮಾಸ್ಕ್ ಗೋಜಿಗೇ ಹೋಗುವುದಿಲ್ಲ. ಬರಿ ಶೀಟ್ ಮೇಲೆ ಕೆತ್ತಿ, ಬಣ್ಣ ತುಂಬಿ, ಪ್ಲಾಸ್ಟಿಕ್ ಕಾರ್ಡ್‌ನಿಂದ ಬಳಿದು ತೆಗೆದು, ಉಳಿದದ್ದನ್ನು ಮರದ ತುಂಡಿಗೆ ಬಿಗಿಯಾಗಿ ಸುತ್ತಿದ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ವಾಸಿ. ಬಟ್ಟೆಯನ್ನು ಹಾಗೇ ಬೆರಳಲ್ಲಿ ಹಿಡಿದು ಒರೆಸಿದರೆ ಅದು ಗುಂಡಿಯೊಳಗೆ ಇಳಿದು ಹಾಕಿದ ಬಣ್ಣವನ್ನೇ ಎತ್ತಿಕೊಂಡು ಬರುತ್ತದೆ.

ಬಣ್ಣ ಪೇಲವವಾಗಿದೆ

ಕೆತ್ತನೆ ಬೆಳ್ಳಗೆ ಎದ್ದು ಕಾಣುತ್ತಿತ್ತು, ಬಣ್ಣ ಹಾಕಿದೊಡನೆ ಮಂಕಾಯಿತು, ಹಿಂದಿನ ಗೋಡೆ ಕಾಣುತ್ತಿದೆ ಎಂಬ ದೂರು ಬಹಳ ಇದೆ. ಬಣ್ಣ ಕಳಪೆಯೆಂದು ಅನ್ನಿಸುತ್ತದೆ. ನಡೆದದ್ದು ಬೇರೆ. ಬಿಳುಪು ಬರುತ್ತಿದ್ದದ್ದು ಗುಳಿಗಳಲ್ಲಿ ಗಾಳಿ ಇದ್ದುದರಿಂದ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ 1.49, ಬಣ್ಣದೊಳಗಿನ ಅಂಟುದ್ರವದ್ದೂ ಅದರ ಹತ್ತಿರವೇ ಇರುತ್ತದೆ. ದ್ರವ ಗುಳಿಗಳನ್ನು ತುಂಬಿದೊಡನೆ ಬೆಳಕಿಗೆ ಚದುರಲು ಮೇಲ್ಮೈಯೇ ಸಿಗುವುದಿಲ್ಲ, ಕೆತ್ತನೆ ಕಣ್ಮರೆಯಾಗುತ್ತದೆ. ಉಳಿಯುವುದು ಬಣ್ಣದ ಪುಡಿಯ ಮರೆ, ಅಂದರೆ ಹಿಂದಿನದನ್ನು ಮುಚ್ಚುವ ಶಕ್ತಿ ಮಾತ್ರ. ಹಳದಿ, ಕಿತ್ತಳೆ, ಕೆಲವು ಕೆಂಪುಗಳಲ್ಲಿ ಆ ಮರೆ ಸಾಲದು.

ಪರೀಕ್ಷೆ ಸುಲಭ: ಫಲಕದ ಹಿಂದೆ ಮೊದಲು ಬಿಳಿ ಕಾಗದ, ಆಮೇಲೆ ಕಪ್ಪು ಕಾಗದ ಹಿಡಿಯಿರಿ. ಬಣ್ಣ ಬದಲಾದಂತೆ ಕಂಡರೆ ಮರೆ ಸಾಲದೆಂದು ಖಚಿತ. ಹಿಂಬದಿಯಲ್ಲಿ ಕನ್ನಡಿ ಬಿಂಬವಾಗಿ ಕೆತ್ತಿ ಮುಂದಿನಿಂದ ನೋಡುವ ಫಲಕವಾದರೆ ಬಣ್ಣದ ಮೇಲೆ ಒಂದು ಬಿಳಿ ಕೋಟ್ ಕೊಡಿ, ಬಣ್ಣ ತಾನಾಗಿ ಎದ್ದು ನಿಲ್ಲುತ್ತದೆ. ಇಲ್ಲಿ ಮೊದಲು ಹಾಕಿದ ಬಣ್ಣವೇ ಮುಂದಿನಿಂದ ಕಾಣುವುದು ಎಂಬುದು ನೆನಪಿರಲಿ. ಬಿಳಿಯನ್ನು ಮೊದಲು ಹಾಕಿದರೆ ಫಲಕ ಬಿಳಿಯೇ ಆಗುತ್ತದೆ. ಮುಂಬದಿ ಕೆತ್ತನೆಗೆ ಇದು ತಿರುಗುಮುರುಗು: ಬಿಳಿ ಮೊದಲು, ಬಣ್ಣ ಆಮೇಲೆ.

ಅಂಚಿನಾಚೆಗೆ ಒಸರಿದ ಬಣ್ಣ

ಮಾಸ್ಕ್ ಕಿತ್ತಾಗ ಅಕ್ಷರದ ಸುತ್ತ ಜೇಡನ ಕಾಲಿನಂತೆ ಬಣ್ಣ ಚಾಚಿದ್ದರೆ ಮಾಸ್ಕ್ ಅಂಚಿನಲ್ಲಿ ಬಿಟ್ಟುಕೊಂಡಿದೆ. ಶೀಟ್ ಜೊತೆಗೆ ಬಂದ ಪ್ಲಾಸ್ಟಿಕ್ ಹಾಳೆಯ ಮೇಲೇ ಕೆತ್ತಿದ್ದರೆ ಇದು ಖಾತ್ರಿ. ಆ ಹಾಳೆ ಶಾಖಕ್ಕೆ ಸುರುಟಿ ಅಂಚಿನಲ್ಲಿ ಮಣಿಗಟ್ಟುತ್ತದೆ. ಅದನ್ನು ತೆಗೆದು, ಸ್ಟಿಕ್ಕರ್ ಕೆಲಸದವರು ಬಳಸುವ ಕಾಗದದ ಟ್ರಾನ್ಸ್‌ಫರ್ ಟೇಪ್ ಅಂಟಿಸಿ, ಸ್ಕ್ವೀಜಿಯಿಂದ (ಒತ್ತಿ ಸವರುವ ಪಟ್ಟಿ) ಗುಳ್ಳೆಯಿಲ್ಲದಂತೆ ಒತ್ತಿ. ಅಂಗಡಿಯಲ್ಲಿ ಸ್ಟಿಕ್ಕರ್ ವಿನೈಲ್ ರೋಲ್ ಇದೆಯಲ್ಲ ಎಂದು ಅದನ್ನೇ ಅಂಟಿಸಬೇಡಿ. ಅದು ಪಿವಿಸಿ, ಮೇಲೆ ಹೇಳಿದ ವಿಷವೇ ಹೊರಡುತ್ತದೆ.

ಕಾಗದದ ಟೇಪ್ ಇದ್ದೂ ಒಸರಿದರೆ ಬಣ್ಣ ನೀರಾಗಿದೆ ಅಥವಾ ಒಮ್ಮೆಗೇ ದಪ್ಪ ಹಾಕಿದ್ದೀರಿ. ಮೊದಲ ಕೋಟ್ ಬಣ್ಣವಿಲ್ಲದ ಅಕ್ರಿಲಿಕ್ ಮೀಡಿಯಂ ತೆಳುವಾಗಿ ಹಚ್ಚಿ ಒಣಗಿಸಿ. ಒಸರುವುದಿದ್ದರೆ ಅದೇ ಒಸರಿ ಸಂದು ಮುಚ್ಚುತ್ತದೆ, ಬಣ್ಣವಿಲ್ಲದ್ದರಿಂದ ಕಾಣುವುದಿಲ್ಲ. ಅದರ ಮೇಲೆ ಬಣ್ಣದ ತೆಳು ಕೋಟ್‌ಗಳು.

ಮಾಸ್ಕ್ ಜೊತೆ ಬಣ್ಣವೂ ಎದ್ದು ಬಂತು

ಎರಡು ಬಗೆಯಿದೆ, ಎದ್ದು ಬಂದ ಚೂರನ್ನು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಚೂರಿನ ಅಡಿಯಲ್ಲಿ ಬಿಳಿ ಪುಡಿ ಅಂಟಿದ್ದರೆ ಕೆತ್ತನೆಯನ್ನು ತೊಳೆದಿರಲಿಲ್ಲ. ಆವಿಯಾದ ಅಕ್ರಿಲಿಕ್ ಮತ್ತೆ ತಣಿದು ಪುಡಿಯಾಗಿ ಗುಂಡಿಯೊಳಗೇ ಬೀಳುತ್ತದೆ. ಬಣ್ಣ ಹಿಡಿದದ್ದು ಆ ಪುಡಿಯನ್ನು. ಮೆತ್ತನೆಯ ಹಲ್ಲುಜ್ಜುವ ಬ್ರಷ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರು ಸವರಿ ಹಗುರವಾಗಿ ಉಜ್ಜಿ, ಪೂರ್ತಿ ಒಣಗಲು ಬಿಡಿ. ಕಾಗದದ ಮಾಸ್ಕ್ ನೆನೆದು ಏಳದಷ್ಟೇ ನೀರು ಇರಲಿ.

ಚೂರು ಸ್ವಚ್ಛವಾಗಿದ್ದು, ಅಂಚಿನಿಂದ ಹಾಳೆಯ ಹಾಗೆ ಸುಲಿದುಬಂದಿದ್ದರೆ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಕಿತ್ತಿದ್ದೀರಿ. ಗುಂಡಿಯ ಬಣ್ಣವೂ ಮಾಸ್ಕ್ ಮೇಲಿನ ಬಣ್ಣವೂ ಒಂದೇ ಪದರವಾಗಿ ಕೂಡಿಕೊಂಡಿರುತ್ತದೆ. ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದಾಗಲೇ, ಇನ್ನೂ ಮೆತ್ತಗಿರುವಾಗಲೇ, ಮಾಸ್ಕನ್ನು ಮಡಚಿ ಹಿಂದಕ್ಕೆ ಬಾಗಿಸಿಕೊಂಡು ಮೆಲ್ಲಗೆ ಎಳೆಯಿರಿ.

ಕೂದಲೆಳೆ ಬಿರುಕು

ಎಲ್ಲಕ್ಕಿಂತ ಕೆಟ್ಟದ್ದು ಇದು, ಏಕೆಂದರೆ ಇದಕ್ಕೆ ರಿಪೇರಿ ಇಲ್ಲ. ಓರೆ ಬೆಳಕಿನಲ್ಲಿ ಹಿಡಿದರೆ ಬೆಳ್ಳಿಯ ಗೆರೆಗಳಂತೆ ಮಿನುಗುವ ಸಣ್ಣ ಸಣ್ಣ ಬಿರುಕುಗಳು ಕೆಲವೊಮ್ಮೆ ಒಂದು ನಿಮಿಷದಲ್ಲಿ, ಕೆಲವೊಮ್ಮೆ ತಿಂಗಳ ಮೇಲೆ ಕಾಣಿಸಿಕೊಳ್ಳುತ್ತವೆ.

ಬಿರುಕಿಗೆ ಎರಡು ಸಂಗತಿ ಕೂಡಬೇಕು: ಶೀಟ್‌ನೊಳಗೆ ಬಿಗಿತ, ಹೊರಗಿನಿಂದ ದ್ರಾವಕ. ಲೇಸರ್ ಕತ್ತರಿಸಿದ ಅಂಚಿನಲ್ಲಿ ಕರಗಿ ತಣಿದ ಪದರ ಎಳೆದುಕೊಂಡೇ ಇರುತ್ತದೆ. ಬೆಂಕಿಯಲ್ಲಿ ಪಾಲಿಷ್ ಮಾಡಿದ ಅಂಚಿನ ಸ್ಥಿತಿಯೂ ಅದೇ. ಅದಕ್ಕೆ ಎನ್‌ಸಿ ಥಿನ್ನರ್ (ಲ್ಯಾಕರ್ ಬಣ್ಣ ತೆಳುಮಾಡುವ ದ್ರವ), ಅಸಿಟೋನ್, ಸ್ಪಿರಿಟ್, ಸ್ಯಾನಿಟೈಸರ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಯಾವುದು ತಾಗಿದರೂ ಎಳೆತ ಬಿರುಕಾಗಿ ಬಿಡುತ್ತದೆ. ಟೇಪ್‌ನ ಅಂಟು ಒರೆಸಲು ಪೆಟ್ರೋಲ್ ಬಳಸುವ ರೂಢಿ ನಮ್ಮ ಅಂಗಡಿಗಳಲ್ಲಿದೆ. ಅದನ್ನೂ ಬಿಡಿ, ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಕೂಡ ಬೆರೆತಿರುತ್ತದೆ. ಅಂಟು ಹೋಗಲು ಸೀಮೆಎಣ್ಣೆ ಅಥವಾ ಮಿನರಲ್ ಟರ್ಪೆಂಟೈನ್ ಬಟ್ಟೆಗೆ ಸ್ವಲ್ಪ ತಾಗಿಸಿ ಒರೆಸಿ, ಕೂಡಲೇ ಸಾಬೂನು ನೀರಿನಲ್ಲಿ ತೊಳೆದರೆ ಸಾಕು.

ಬಿರುಕು ಎಲ್ಲಿದೆ ಎಂಬುದು ಕಾರಣ ಹೇಳುತ್ತದೆ. ಹೊರ ಅಂಚಿನಿಂದ ಒಳಮುಖವಾಗಿ ಸಾಲಾಗಿ ನಿಂತಿದ್ದರೆ ಕತ್ತರಿಸಿದ ಅಂಚಿಗೆ ಒರೆಸುವ ದ್ರವ ತಾಗಿದೆ. ಕೆತ್ತನೆಯ ತಳದಲ್ಲಿ, ಬಣ್ಣದ ಅಡಿಯಲ್ಲಿದ್ದರೆ ಬಣ್ಣದೊಳಗಿನ ಥಿನ್ನರ್ ಕೆಲಸ. ಸ್ಪ್ರೇ ಲ್ಯಾಕರ್ ಆದರೆ ಅನುಮಾನವೇ ಬೇಡ. ಸ್ಕ್ರೂ ತೂತಿನ ಸುತ್ತ ನಕ್ಷತ್ರದಂತಿದ್ದರೆ ಫಲಕವನ್ನು ಗೋಡೆಗೆ ಹಿಡಿಸುವ ಸ್ಟಡ್ ಅತಿ ಬಿಗಿಯಾಗಿದೆ. ಗೋಡೆಗೆ ಏರಿ ತಿಂಗಳಾದ ಮೇಲೆ ಬಂದರೆ ಅಲ್ಲಿ ಯಾವುದರಿಂದ ಒರೆಸುತ್ತಾರೆಂದು ಕೇಳಿ. ಕ್ಲಿನಿಕ್ ಫಲಕಗಳನ್ನು ಸ್ಯಾನಿಟೈಸರ್‌ನಲ್ಲೇ ಒರೆಸುವುದು ಸಾಮಾನ್ಯ. "ಒದ್ದೆ ಬಟ್ಟೆ ಮಾತ್ರ" ಎಂದು ಬರೆದ ಚೀಟಿಯೊಂದನ್ನು ಫಲಕದ ಬೆನ್ನಿಗೆ ಅಂಟಿಸಿ ಕೊಡಿ.

ಹೊಸ ಬಣ್ಣ ತಂದಾಗ ಲೇಸರ್‌ನಲ್ಲೇ ಕತ್ತರಿಸಿದ, ಒಳಗೆ ಕೆತ್ತನೆಯೂ ಇರುವ ಚೂರಿಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಓರೆ ಬೆಳಕಿನಲ್ಲಿ ನೋಡಿ. ಶೀಟ್‌ನ ನಡುಭಾಗದಲ್ಲಿ ಹಚ್ಚಿ ಏನೂ ಆಗಲಿಲ್ಲವೆಂದರೆ ಅದು ಪರೀಕ್ಷೆಯೇ ಆಗಲಿಲ್ಲ, ಅಲ್ಲಿ ಬಿಗಿತವಿರುವುದಿಲ್ಲ.

ಅಂಚಿನ ಬಿಗಿತ ಇಳಿಸಲು ಅನೀಲಿಂಗ್ (ಕಾಯಿಸಿ ನಿಧಾನ ತಣಿಸುವುದು) ಮಾಡಬಹುದು: 3 ಮಿ.ಮೀ. ಶೀಟನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಎರಡು ಗಂಟೆ ಇಟ್ಟು ಓವನ್ ಬಾಗಿಲು ತೆರೆಯದೆ ನಿಧಾನ ತಣಿಸಬೇಕು. ಅಕ್ರಿಲಿಕ್ ಮೆತ್ತಗಾಗುವುದು 105 ಡಿಗ್ರಿಯ ಸುತ್ತ, ಹಾಗಾಗಿ ಓವನ್‌ನ ಅಂಕಿ ನಂಬದೆ ಬೇರೆ ಥರ್ಮಾಮೀಟರ್ ಇಡಿ. ಆದರೆ ಮಾಸ್ಕ್ ಮೈಮೇಲಿದ್ದಾಗ ಇದನ್ನು ಮಾಡುವಂತಿಲ್ಲ, ಅಂಟು ಬೆಂದುಹೋಗುತ್ತದೆ. ಬಣ್ಣ ತುಂಬುವ ಚಿಕ್ಕ ಕೆಲಸಕ್ಕೆ ಇಷ್ಟೆಲ್ಲ ಯಾಕೆಂಬುದು ನನ್ನ ಅಭಿಪ್ರಾಯ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಬಳಸಿ, ಕೆತ್ತನೆ ಮತ್ತು ಬಣ್ಣ ಮೊದಲು ಮುಗಿಸಿ, ಹೊರ ಅಂಚು ಕತ್ತರಿಸುವುದನ್ನು ಕೊನೆಗಿಟ್ಟುಕೊಳ್ಳಿ. ಶೀಟನ್ನು ಬೆಡ್‌ನಿಂದ ಎತ್ತದೆ ಬಣ್ಣ ಹಾಕಲಾದರೆ ಒಳ್ಳೆಯದು. ಎತ್ತುವುದಾದರೆ ಮತ್ತೆ ಅದೇ ಜಾಗಕ್ಕೆ ಕೂರಲು ಎರಡು ಬದಿಗೆ ಪಟ್ಟಿ ಹೊಡೆದಿಡಿ.

ಉಳಿದ ಚಿಲ್ಲರೆ

ಮಾಸ್ಕ್ ಕಿತ್ತೊಡನೆ ಧೂಳು ಬಂದು ಮುತ್ತಿದರೆ ಅದು ಸ್ಥಾಯಿ ವಿದ್ಯುತ್. ಒಣ ಬಟ್ಟೆಯಲ್ಲಿ ಉಜ್ಜಿದಷ್ಟೂ ಹೆಚ್ಚುತ್ತದೆ, ಒದ್ದೆ ಬಟ್ಟೆ ಆಡಿಸಿ. ಸ್ಟಡ್ ಅಂಟಿಸಿದ ಸುತ್ತ ಬೂದಿಯಂಥ ಬಿಳಿ ಹಬೆ ಕೂತಿದ್ದರೆ ಅದು ಕ್ವಿಕ್ ಅಂಟಿನ ಆವಿ. ಕೆಳಗಿನ ಮೈಯಲ್ಲಿ ಜೇನುಗೂಡಿನ ಗುರುತು ಮೂಡಿದ್ದರೆ ಕತ್ತರಿಸುವಾಗ ಬೆಡ್‌ನಿಂದ ಕಿರಣ ಚಿಮ್ಮಿದೆ. ಶೀಟನ್ನು ಪಿನ್‌ಗಳ ಮೇಲೆ ಎತ್ತಿ ಕೂರಿಸಿ.

ಎಲ್‌ಇಡಿ ಪಟ್ಟಿಯ ಮೇಲೆ ನಿಲ್ಲಿಸುವ ಫಲಕಕ್ಕೂ ಬಣ್ಣ ತುಂಬಿಸಿ ಎಂದು ಗಿರಾಕಿ ಕೇಳಿದರೆ ಬೇಡವೆಂದು ಹೇಳಿ. ಅಲ್ಲಿ ಬೆಳಗುವುದು ಗುಳಿಗಳ ಬಿಳುಪೇ. ಬಣ್ಣ ತುಂಬಿದರೆ ಅಕ್ಷರ ಮಬ್ಬಾಗುತ್ತದೆ. ಬಣ್ಣ ಬೇಕೇ ಬೇಕಾದರೆ ಬಣ್ಣದ ಎಲ್‌ಇಡಿ ಹಾಕಿ.

ಕೆಟ್ಟ ತುಂಡನ್ನು ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ನೀರಿನ ಬಣ್ಣವಾಗಿದ್ದು ಇನ್ನೂ ಹಸಿಯಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರು, ಮೆತ್ತನೆ ಬ್ರಷ್ ಸಾಕು. ಒಣಗಿ ಒಂದು ದಿನವಾಗಿದ್ದರೆ ಗುಳಿಗಳಿಂದ ಪೂರ್ತಿ ಬರುವುದಿಲ್ಲ. ಆಗ ಅದೇ ಜಾಗದಲ್ಲಿ ಅದೇ ಫೈಲನ್ನು ಇನ್ನೊಮ್ಮೆ ಕೆತ್ತಿದರೆ ಹಳೆ ಬಣ್ಣ ಸುಟ್ಟು ಹೊಸ ತಳ ಸಿಗುತ್ತದೆ, ಆಳ ಮಾತ್ರ ಇಮ್ಮಡಿ. ಅದಕ್ಕೂ ಫಲಕ ಮೊದಲಿದ್ದ ಜಾಗದಲ್ಲೇ ಕೂರಬೇಕು. ಎನಾಮೆಲ್ ಒಣಗಿದ್ದರೆ ಥಿನ್ನರ್ ಹುಡುಕಬೇಡಿ, ಹೊಸ ತುಂಡು ಕತ್ತರಿಸಿಕೊಳ್ಳಿ.